ಸಾರೋಟಿನಿಂದ ಕೆಳಗಿಳಿದ ನಟಿ
ಲೀಮಾ ನಗರದ ಮಿಕಾಯೆಲಾ ವಿಲ್ಯೇಗಾಸ್ ಅವರ ಬದುಕು



ದಕ್ಷಿಣ ಅಮೆರಿಕಾದ ಪೆರು ದೇಶದ ರಾಜಧಾನಿ ಲೀಮಾ ಎಂದೊಡನೆ ನಿಮಗೆ ಸಂತರ ನೆನಪಾಗುವುದು ಸಹಜ. ಅಮೆರಿಕಾ ಖಂಡಗಳಲ್ಲಿ ಹುಟ್ಟಿದವರ ಪೈಕಿ ಮೊಟ್ಟಮೊದಲಿಗೆ ಸಂತ ಪದವಿಗೇರಿದ ಸಂತ ರೋಸ್ ಆ ನಗರದ ಮಗಳು. ಕೈಯಲ್ಲಿ ಪೊರಕೆ ಹಿಡಿದ ಚಿತ್ರದಿಂದ ನಮಗೆಲ್ಲ ಪರಿಚಿತರಾದ ಸಂತ ಮಾರ್ಟಿನ್ ದೆ ಪೊರೆಸ್ ಆ ನಗರದ ಮಗ. ಇಂದು ನಿಮಗೆ ಅದೇ ನಗರದ ಇನ್ನೊಬ್ಬ ಮಗಳ ಕಥೆ ಹೇಳಬೇಕಾಗಿದೆ. ಆಕೆ ಸಂತಳಲ್ಲ. ಆಕೆಯ ಚಿತ್ರ ಯಾವ ಪೀಠದ ಮೇಲೂ ಇಲ್ಲ. ಆಕೆ ನಾಟಕದ ನಟಿ. ಒಂದು ಬೈಗುಳವೇ ಹೆಸರಾಗಿ ಅಂಟಿಕೊಂಡು, ಇನ್ನೂರೈವತ್ತು ವರ್ಷಗಳಾದರೂ ಅದೇ ಹೆಸರಿನಿಂದ ಕರೆಯಲ್ಪಡುತ್ತಿರುವ ಹೆಣ್ಣುಮಗಳು.

ಆಕೆಯ ನಿಜವಾದ ಹೆಸರು ಮಿಕಾಯೆಲಾ ವಿಲ್ಯೇಗಾಸ್. ಲೋಕ ಆಕೆಯನ್ನು ಬಲ್ಲುದು ಪೆರಿಚೋಲಿ ಎಂಬ ಹೆಸರಿನಿಂದ.

ಕುಸಿದ ನಗರದ ಕೂಸು

1746ರ ಅಕ್ಟೋಬರ್ 28ರ ರಾತ್ರಿ ಲೀಮಾ ನಗರವನ್ನು ಭೀಕರ ಭೂಕಂಪ ಅಲುಗಾಡಿಸಿತು. ಸುಮಾರು 3,000 ಮನೆಗಳಿದ್ದ ನಗರದಲ್ಲಿ ನಿಂತು ಉಳಿದದ್ದು ಇಪ್ಪತ್ತೈದರಷ್ಟು ಮಾತ್ರ ಎಂದು ಆ ಕಾಲದ ವರದಿಗಳು ಹೇಳುತ್ತವೆ. ಹತ್ತಿರದ ಕಾಯಾವ್ ಬಂದರನ್ನು ಸಮುದ್ರವೇ ಉಕ್ಕಿ ಬಂದು ನುಂಗಿತು. ದೇವಾಲಯಗಳು, ಮಠಗಳು, ಅರಮನೆ, ನಾಟಕಶಾಲೆ, ಎಲ್ಲವೂ ನೆಲಕಚ್ಚಿದವು. ಆಫ್ರಿಕಾ ಮೂಲದ ಗುಲಾಮನೊಬ್ಬ ಮಣ್ಣಿನ ಗೋಡೆಯ ಮೇಲೆ ಬರೆದಿದ್ದ ಶಿಲುಬೆಗೇರಿದ ಪ್ರಭುವಿನ ಚಿತ್ರ ಮಾತ್ರ ಹಿಂದಿನ ಭೂಕಂಪಗಳಲ್ಲಿ ಉಳಿದಂತೆ ಈ ಬಾರಿಯೂ ಉಳಿಯಿತು. ಪವಾಡಗಳ ಪ್ರಭು ಎಂದು ಪೆರುವಿನ ಜನ ಇಂದಿಗೂ ಪ್ರತಿ ಅಕ್ಟೋಬರ್‌ನಲ್ಲಿ ಮೆರವಣಿಗೆಯಲ್ಲಿ ಪೂಜಿಸುವುದು ಆ ಚಿತ್ರದ ಪ್ರತಿರೂಪವನ್ನೇ.

ಆ ಭೂಕಂಪವಾಗಿ ಎರಡು ವರ್ಷವೂ ತುಂಬಿರಲಿಲ್ಲ. 1748ರ ಸೆಪ್ಟೆಂಬರ್ 28ರಂದು ಮಿಕಾಯೆಲಾ ಹುಟ್ಟಿದಳು. ಮರುದಿನ ಸಂತ ಮಿಕಾಯೇಲರ ಹಬ್ಬ. ತಾಯಿಯ ಕಡೆಯಿಂದ ಬಂದ ಉರ್ತಾದೊ ದೆ ಮೆಂದೋಸಾ ಎಂಬ ಮನೆತನದ ಹೆಸರು ದೊಡ್ಡದು. ಆದರೆ ಮನೆಯಲ್ಲಿ ಸಿರಿತನವಿರಲಿಲ್ಲ. ನಗರ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಮತ್ತೆ ಮೇಲೇಳುತ್ತಿದ್ದ ವರ್ಷಗಳಲ್ಲಿ ಈ ಮಗು ಬೆಳೆಯಿತು.

ಹುಡುಗಿಗೆ ಅಸಾಧಾರಣ ನೆನಪಿನ ಶಕ್ತಿ. ಸ್ಪೇನಿನ ಹಳೆಯ ನಾಟಕಗಳ ದೃಶ್ಯಗಳನ್ನು ಕೇಳಿ ಕಂಠಪಾಠ ಮಾಡಿ ಅಭಿನಯಿಸಿ ತೋರಿಸುತ್ತಿದ್ದಳಂತೆ. ಹಾಡು ಬರುತ್ತಿತ್ತು, ತಂತಿವಾದ್ಯ ಬರುತ್ತಿತ್ತು. ಹದಿನೈದರ ಆಸುಪಾಸಿನಲ್ಲಿ ಆಕೆ ರಂಗದ ಮೆಟ್ಟಿಲು ಹತ್ತಿದಳು.

ನಾಟಕಶಾಲೆಯೂ ಆಸ್ಪತ್ರೆಯೂ

ಲೀಮಾದ ಆ ನಾಟಕಶಾಲೆಯ ಹೆಸರು ಕೊಲಿಸಿಯೊ. ಅದರ ಬಗ್ಗೆ ನೀವು ತಿಳಿಯಬೇಕಾದ ಒಂದು ಸಂಗತಿಯಿದೆ. ಆ ನಾಟಕಶಾಲೆ ಸೇರಿದ್ದು ಸಂತ ಅಂದ್ರೆಯರ ಹೆಸರಿನ ಆಸ್ಪತ್ರೆಗೆ. ಟಿಕೆಟಿನ ಹಣದಲ್ಲಿ ಒಂದು ಪಾಲು ರೋಗಿಗಳ ಆರೈಕೆಗೆ ಹೋಗುತ್ತಿತ್ತು. ಸ್ಪೇನಿನಲ್ಲೂ ಸ್ಪೇನ್ ಆಳಿದ ನಾಡುಗಳಲ್ಲೂ ಇದು ರೂಢಿಯಲ್ಲಿದ್ದ ಏರ್ಪಾಡು. ನಟಿಯರ ಬಗ್ಗೆ ಕುಲೀನರು ಮೂಗು ಮುರಿಯುತ್ತಿದ್ದರು. ಆದರೆ ಅದೇ ನಟಿಯರ ದುಡಿಮೆಯಿಂದ ಬಡರೋಗಿಯ ಗಂಜಿಗೆ ಹಣ ಬರುತ್ತಿತ್ತು. ತಪಸ್ಸುಕಾಲ ಬಂದಾಗ ನಾಟಕಶಾಲೆಗಳು ಬಾಗಿಲು ಹಾಕುತ್ತಿದ್ದವು. ಪಾಸ್ಕ ಹಬ್ಬ ಕಳೆದ ಮೇಲೆ ಮತ್ತೆ ತೆರೆ ಏಳುತ್ತಿತ್ತು.

ಆಡುತ್ತಿದ್ದ ನಾಟಕಗಳಾದರೂ ಹಗುರವಾದವಲ್ಲ. ಲೋಪೆ ದೆ ವೇಗಾ, ಕಾಲ್ಡೆರಾನ್ ಮುಂತಾದವರು ಪದ್ಯದಲ್ಲಿ ಬರೆದ ದೊಡ್ಡ ನಾಟಕಗಳು. ಈ ಇಬ್ಬರೂ ತಮ್ಮ ಬಾಳಿನ ಉತ್ತರಾರ್ಧದಲ್ಲಿ ಗುರುದೀಕ್ಷೆ ಪಡೆದವರು. ಪರಮಪ್ರಸಾದದ ಹಬ್ಬಕ್ಕಾಗಿ ಕಾಲ್ಡೆರಾನ್ ಬರೆದ ಭಕ್ತಿನಾಟಕಗಳು ಪ್ರಸಿದ್ಧ. ಅಂಕಗಳ ನಡುವೆ ಚಿಕ್ಕ ಹಾಸ್ಯ ಪ್ರಸಂಗಗಳೂ ಹಾಡುಗಳೂ ಇರುತ್ತಿದ್ದವು. ನಟಿಯಾದವಳು ನೂರಾರು ಸಾಲು ಪದ್ಯವನ್ನು ತಡವರಿಸದೆ ಹೇಳಬೇಕು. ಮರುಗಳಿಗೆಯಲ್ಲಿ ಹಾಡಬೇಕು, ಕುಣಿಯಬೇಕು, ನಗಿಸಬೇಕು. ಮಿಕಾಯೆಲಾ ಇದೆಲ್ಲವನ್ನೂ ಮಾಡಬಲ್ಲವಳಾಗಿದ್ದಳು.

ಆಕೆ ಅಪ್ರತಿಮ ಸುಂದರಿಯಾಗಿದ್ದಳು ಎಂದು ನೀವು ಭಾವಿಸಬಹುದು. ಲೀಮಾದ ಹಳೆಯ ಕಥೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಿ ಬರೆದ ರಿಕಾರ್ಡೊ ಪಾಲ್ಮಾ ಚಿತ್ರಿಸಿರುವುದು ಬೇರೆಯೇ ರೂಪವನ್ನು. ಗಿಡ್ಡ ದೇಹ, ತುಸು ದಪ್ಪ ಮೈಕಟ್ಟು, ಮುಖದ ಮೇಲೆ ಅಲ್ಲಲ್ಲಿ ಸಿಡುಬಿನ ಕಲೆ, ಚುರುಕಾದ ಕಪ್ಪು ಕಣ್ಣು. ಜನ ಮರುಳಾದದ್ದು ಆಕೆಯ ಅಭಿನಯಕ್ಕೆ, ಮಾತಿನ ಚಾತುರ್ಯಕ್ಕೆ.

ವೈಸರಾಯನ ಕಣ್ಣು

ಮರುಳಾದವರಲ್ಲಿ ನಾಡನ್ನು ಆಳುವವನೂ ಒಬ್ಬ. ಸ್ಪೇನಿನ ಅರಸನ ಪ್ರತಿನಿಧಿಯಾಗಿ 1761ರಲ್ಲಿ ಅಧಿಕಾರಕ್ಕೆ ಬಂದ ವೈಸರಾಯ್ ಮನುವೆಲ್ ದೆ ಅಮಾತ್, ಸ್ಪೇನಿನ ಕತಲೋನಿಯಾದವನು, ಕಟ್ಟುನಿಟ್ಟಿನ ಸೈನಿಕ. ಅರಸನ ಆಜ್ಞೆಯಂತೆ 1767ರ ಸೆಪ್ಟೆಂಬರ್‌ನಲ್ಲಿ ಯೇಸುಸಭೆಯ ಗುರುಗಳನ್ನು ಹಿಡಿದು ಹಡಗು ಹತ್ತಿಸಿ ಪೆರುವಿನಿಂದ ಹೊರಗಟ್ಟಿದವನು ಈತನೇ. ಪವಾಡಗಳ ಪ್ರಭುವಿನ ದೇವಾಲಯವನ್ನು ಮತ್ತೆ ಕಟ್ಟಲು ನೆರವಾಗಿ 1771ರಲ್ಲಿ ಅದರ ಪ್ರತಿಷ್ಠೆಗೆ ಕಾರಣನಾದವನೂ ಈತನೇ. ಮನುಷ್ಯರು ಒಂದೇ ಬಣ್ಣದವರಲ್ಲ ಎಂಬುದಕ್ಕೆ ಈತನೂ ಒಂದು ಉದಾಹರಣೆ.

ಮಿಕಾಯೆಲಾಳಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಆತನಿಗೆ ಅರವತ್ತರ ಆಸುಪಾಸು. ಆತ ಅವಿವಾಹಿತ. ಆದರೂ ಅಂಥ ಪದವಿಯಲ್ಲಿದ್ದವನು ನಾಟಕದ ಹುಡುಗಿಯನ್ನು ಮದುವೆಯಾಗುವ ಮಾತು ಆ ಸಮಾಜದಲ್ಲಿ ಯಾರೂ ಎತ್ತುವಂತಿರಲಿಲ್ಲ. ಮದುವೆಯಿಲ್ಲದೆಯೇ ಅವರ ಸಂಬಂಧ ವರ್ಷಗಟ್ಟಲೆ ನಡೆಯಿತು. ಒಬ್ಬ ಮಗ ಹುಟ್ಟಿದ. ಅವನಿಗೂ ತಂದೆಯ ಹೆಸರೇ, ಮನುವೆಲ್ ದೆ ಅಮಾತ್. ಇದು ಸರಿಯಾದ ಬಾಳಾಗಿರಲಿಲ್ಲ ಎಂಬುದನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ತಪ್ಪಿನ ಬೆಲೆಯನ್ನು ಯಾರು ತೆತ್ತರು, ಯಾರು ತೆರಲಿಲ್ಲ ಎಂಬುದನ್ನು ಮುಂದೆ ನೋಡಿ.

ಬೈಗುಳ ಹೆಸರಾದ ಬಗೆ

ಪೆರಿಚೋಲಿ ಎಂಬ ಹೆಸರು ಬಂದದ್ದು ಹೇಗೆ? ಲೀಮಾದಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು ಹೀಗಿದೆ. ಒಂದು ದಿನ ಜಗಳದಲ್ಲಿ ಸಿಟ್ಟಿಗೆದ್ದ ವೈಸರಾಯ್ ಆಕೆಯನ್ನು ಸ್ಪೇನಿನ ಭಾಷೆಯಲ್ಲಿ ಎರಡು ಮಾತಿನಿಂದ ಬೈದ. ಮೊದಲನೆಯದಕ್ಕೆ ಹೆಣ್ಣುನಾಯಿ ಎಂದರ್ಥ. ಎರಡನೆಯದು, ಮೂಲನಿವಾಸಿಗಳ ರಕ್ತ ಬೆರೆತವರನ್ನು ಕೀಳಾಗಿ ಕರೆಯುವ ಮಾತು. ಕತಲೋನಿಯಾದ ಉಚ್ಚಾರಣೆಯಲ್ಲಿ, ಬೋಳು ಬಾಯಿಯಲ್ಲಿ ಆ ಎರಡು ಮಾತು ಕಲಸಿಹೋಗಿ ಪೆರಿಚೋಲಿ ಆಯಿತಂತೆ. ಇಲ್ಲ, ಅದು ಕತಲೋನಿಯಾದಲ್ಲಿ ಮುದ್ದಿಗೆ ಕರೆಯುವ ಪದವೇ ಇರಬೇಕು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಯಾವುದೇ ಇರಲಿ, ಊರು ಆ ಹೆಸರನ್ನು ಎತ್ತಿಕೊಂಡದ್ದು ಮುದ್ದಿಗಾಗಿ ಅಲ್ಲ, ಹಾಸ್ಯಕ್ಕಾಗಿ.

ಗಮನಿಸಿ. ಒಂದೇ ಮಾತಿನಲ್ಲಿ ಹೆಣ್ಣೆಂಬ ಹೀಯಾಳಿಕೆಯೂ ಇದೆ, ಹುಟ್ಟಿನ ಹೀಯಾಳಿಕೆಯೂ ಇದೆ. ಮನೆಯೊಳಗಿನ ಜಗಳದಲ್ಲಿ ಆಡಿದ ಮಾತು ಬೀದಿಗೆ ಬಿತ್ತು. ಬೀದಿಯಿಂದ ಹಾಡಿಗೆ ಹೋಯಿತು, ಹಾಡಿನಿಂದ ಪುಸ್ತಕಕ್ಕೆ ಹೋಯಿತು. ಅಲ್ಲಿಂದ ಅದನ್ನು ಅಳಿಸುವವರು ಯಾರು?

ರಂಗದ ಮೇಲಿನ ಜಗಳ

ಮಿಕಾಯೆಲಾ ಮೆತ್ತನೆಯ ಸ್ವಭಾವದವಳಲ್ಲ. 1773ರಲ್ಲಿ ಕಾಲ್ಡೆರಾನನ ನಾಟಕವೊಂದು ನಡೆಯುತ್ತಿದ್ದಾಗ, ಜೊತೆ ನಟನೂ ತಂಡದ ಯಜಮಾನನೂ ಆಗಿದ್ದ ಮಾಸಾ ಎಂಬಾತ ರಂಗದ ಮೇಲೆಯೇ ಪಿಸುದನಿಯಲ್ಲಿ ಆಕೆಯನ್ನು ಚುಚ್ಚಿದನಂತೆ. ಈ ಪಾತ್ರವನ್ನು ಇನ್ನೊಬ್ಬ ನಟಿ ನಿನಗಿಂತ ಚೆನ್ನಾಗಿ ಮಾಡುತ್ತಿದ್ದಳು ಎಂಬ ಅರ್ಥದ ಮಾತು. ಪಾತ್ರಕ್ಕೆಂದು ಕೈಯಲ್ಲಿ ಹಿಡಿದಿದ್ದ ಚಾಟಿಯಿಂದ ಆಕೆ ಅವನ ಮುಖಕ್ಕೆ ಬೀಸಿಯೇಬಿಟ್ಟಳು. ತೆರೆ ಬಿತ್ತು. ಜನ ಆಕೆಯನ್ನು ಸೆರೆಗೆ ತಳ್ಳಿ ಎಂದು ಕೂಗಿದರು. ಎಲ್ಲರ ಮುಂದೆ ಮುಖಭಂಗವಾದ ವೈಸರಾಯ್ ಆಕೆಯೊಡನೆ ಸಂಬಂಧ ಕಡಿದುಕೊಂಡ. ಪಾಲ್ಮಾ ಬರೆದಿಟ್ಟ ಕಥೆ ಇದು.

ಮುಂದಿನ ಎರಡು ವರ್ಷ ಆಕೆ ರಂಗದಿಂದ ದೂರ ಉಳಿದಳು. 1775ರಲ್ಲಿ ಮತ್ತೆ ರಂಗಕ್ಕೆ ಬಂದಳು, ವೈಸರಾಯನೊಡನೆ ರಾಜಿಯೂ ಆಯಿತು. ಅಂದು ಕೂಗಾಡಿದ ಜನರ ಎದುರಿಗೇ ಆಕೆ ಮತ್ತೆ ನಿಂತು ಅಭಿನಯಿಸಿದಳು. ಇದಕ್ಕೆ ಎಂಥ ಎದೆಗಾರಿಕೆ ಬೇಕೆಂಬುದನ್ನು, ಒಮ್ಮೆಯಾದರೂ ನಾಲ್ಕು ಜನರ ಮುಂದೆ ತಲೆತಗ್ಗಿಸಿದವರು ಬಲ್ಲರು.

ಸಾರೋಟಿನ ಪ್ರಸಂಗ

ಈಗ ಆಕೆಯನ್ನು ಲೋಕಪ್ರಸಿದ್ಧಳನ್ನಾಗಿ ಮಾಡಿದ ಪ್ರಸಂಗ. ಇದೂ ಲೀಮಾದ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದದ್ದು.

ಆಗಸ್ಟ್ 2ರಂದು ಸಂತ ಫ್ರಾನ್ಸಿಸ್ಕನರ ದೇವಾಲಯಗಳಲ್ಲಿ ಪೋರ್ಸಿಯುಂಕುಲಾ ಹಬ್ಬ. ಅಸ್ಸಿಸಿಯ ಬಳಿ ಸಂತ ಫ್ರಾನ್ಸಿಸರು ತಮ್ಮ ಕೈಯಾರೆ ದುರಸ್ತಿ ಮಾಡಿದ ಪುಟ್ಟ ಗುಡಿಯ ಹೆಸರು ಅದು. ಆ ದಿನ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿ ದೇವಾಲಯವನ್ನು ಸಂದರ್ಶಿಸುವವರಿಗೆ ಪೂರ್ಣ ದಂಡವಿಮೋಚನೆ ದೊರೆಯುವುದೆಂಬುದು ನಿಮಗೆ ಗೊತ್ತೇ ಇದೆ. ಲೀಮಾದಲ್ಲಿ ಆ ದಿನ ಊರಿಗೆ ಊರೇ ರಿಮಾಕ್ ನದಿ ದಾಟಿ ಬರಿಗಾಲಿನ ಫ್ರಾನ್ಸಿಸ್ಕನರ ಮಠದ ಕಡೆಗೆ ಹೋಗುತ್ತಿತ್ತು. ಮಠದ ಮುಂದಿನ ಮರಗಳ ಸಾಲುದಾರಿಯಲ್ಲಿ ಸಿರಿವಂತರ ಸಾರೋಟುಗಳ ಸಾಲು.

ಕುಲೀನ ಮನೆತನದವರು ಮಾತ್ರ ಏರುವಂಥ ಬಂಗಾರದ ಕುಸುರಿಯ ಸಾರೋಟಿನಲ್ಲಿ ಆ ದಿನ ಮಿಕಾಯೆಲಾ ಹೊರಟಳು. ಹೇಸರಗತ್ತೆಗಳು ಎಳೆಯುವ, ಸಮವಸ್ತ್ರದ ಸೇವಕರಿರುವ ಸಾರೋಟು. ನಾಟಕದವಳಿಗೆ ಇಷ್ಟು ಸೊಕ್ಕೇ ಎಂದು ಊರಿನ ದೊಡ್ಡವರು ಹಲ್ಲು ಕಡಿದರು. ಆಕೆಗೆ ಬೇಕಾಗಿದ್ದುದೂ ಅದೇ ಇರಬೇಕು. ತನ್ನನ್ನು ನಾಯಿ ಎಂದವರ ಬೀದಿಯಲ್ಲಿ ತಲೆಯೆತ್ತಿ ಹೋಗಬೇಕು.

ಹಿಂದಿರುಗುವಾಗ ಸಂತ ಲಾಜರರ ಧರ್ಮಕೇಂದ್ರದ ಬೀದಿಯಲ್ಲಿ ಗಂಟೆಯ ಸದ್ದು ಕೇಳಿತು. ಸಾಯುವ ಸ್ಥಿತಿಯಲ್ಲಿದ್ದ ರೋಗಿಯೊಬ್ಬರಿಗೆ ಪರಮಪ್ರಸಾದ ಒಯ್ಯುತ್ತಾ ಧರ್ಮಗುರುಗಳು ಕಾಲ್ನಡಿಗೆಯಲ್ಲಿ ಬರುತ್ತಿದ್ದರು. ಮಿಕಾಯೆಲಾ ಸಾರೋಟು ನಿಲ್ಲಿಸಿದಳು. ಇಳಿದಳು. ಗುರುಗಳನ್ನು ಅದರಲ್ಲಿ ಕೂರಿಸಿ, ತಾನು ಹಬ್ಬದ ರೇಷ್ಮೆ ಉಡುಪಿನಲ್ಲೇ ಬೀದಿಯ ಧೂಳಿನಲ್ಲಿ ಹಿಂದೆ ಹಿಂದೆ ನಡೆದಳು. ಪ್ರಭುವನ್ನು ಹೊತ್ತ ಸಾರೋಟಿನಲ್ಲಿ ತಾನು ಮತ್ತೆ ಕೂರುವುದು ಸಲ್ಲದೆಂದು, ಮುಂದೆ ರೋಗಿಗಳಿಗೆ ಪರಮಪ್ರಸಾದ ಒಯ್ಯಲು ಅದು ಬಳಕೆಯಾಗಲೆಂದು, ಸಾರೋಟನ್ನೇ ಆ ಧರ್ಮಕೇಂದ್ರಕ್ಕೆ ಕೊಟ್ಟುಬಿಟ್ಟಳು.

ಇದು ಭಕ್ತಿಯೋ, ನಟಿಯ ಇನ್ನೊಂದು ಅಭಿನಯವೋ ಎಂದು ಆಗಲೇ ಕೇಳಿದವರಿರಬೇಕು. ಆಮೇಲೆ ಬಂದ ಬರಹಗಾರರಂತೂ ಕೇಳಿಯೇ ಕೇಳಿದರು. ಉತ್ತರ ದೇವರಿಗೇ ಗೊತ್ತು. ಆದರೆ ಯೋಚಿಸಿ ನೋಡಿ. ಎಷ್ಟೋ ವರ್ಷದ ಅವಮಾನಕ್ಕೆ ಉತ್ತರವಾಗಿ ಏರಿದ ಸಾರೋಟು ಅದು. ಏರಿದ ದಿನವೇ ಅದರಿಂದ ಇಳಿಯುವುದು ಸುಲಭವೇ? ಅಂದು ಆ ದಾರಿಯಲ್ಲಿ ಮಾನವಂತರೆನಿಸಿಕೊಂಡವರ ಸಾರೋಟುಗಳೂ ಸಾಲುಗಟ್ಟಿದ್ದವು. ಕಥೆ ನೆನಪಿಟ್ಟುಕೊಂಡದ್ದು ಇಳಿದು ನಡೆದವಳೊಬ್ಬಳನ್ನೇ.

ಹೋದವನು, ಉಳಿದವಳು

1776ರಲ್ಲಿ ಅಮಾತನ ಅಧಿಕಾರ ಮುಗಿಯಿತು. ಆತ ಹಡಗು ಹತ್ತಿ ಸ್ಪೇನಿಗೆ ಹೋದ. ಮಿಕಾಯೆಲಾ ಮಗನೊಡನೆ ಲೀಮಾದಲ್ಲೇ ಉಳಿದಳು. ಆಗ ಆಕೆಗೆ ಇಪ್ಪತ್ತೇಳು ವರ್ಷ.

ಆಳುವವನು ಇಳಿದದ್ದೇ ತಡ, ಅವನ ವೈರಿಗಳ ನಾಲಿಗೆ ಬಿಚ್ಚಿತು. ಅದೇ ವರ್ಷ ಇಬ್ಬರು ಹರಟೆಗಾರರ ಸಂಭಾಷಣೆಯ ರೂಪದಲ್ಲಿ ಕಟುವಾದ ವಿಡಂಬನೆಯೊಂದು ಹೊರಬಂತು. ಕುಲೀನನೊಬ್ಬನೇ ಅದನ್ನು ಬರೆದನೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಗುರಿ ಅಮಾತನೇ. ಆದರೆ ಅವನನ್ನು ಹೊಡೆಯಲು ಎತ್ತಿಕೊಂಡ ಕಲ್ಲು ಮಿಕಾಯೆಲಾ. ಆಕೆಯ ಬಗ್ಗೆ ಲೋಕಕ್ಕೆ ತಿಳಿದಿರುವ ಎಷ್ಟೋ ಸಂಗತಿಗಳ ಮೂಲ ಇಂಥ ವೈರಿಗಳ ಬರಹವೇ ಎಂಬುದನ್ನು ಮರೆಯಬಾರದು.

ಅತ್ತ ಅಮಾತನ ಕಥೆ ಏನಾಯಿತು? ಎಪ್ಪತ್ತು ದಾಟಿದ ಮೇಲೆ, 1779ರಲ್ಲಿ, ಬಾರ್ಸಿಲೋನಾದಲ್ಲಿ ಕುಲೀನ ಮನೆತನದ ತರುಣಿಯೊಬ್ಬಳನ್ನು ಮದುವೆಯಾದ. ಮೂರು ವರ್ಷಗಳಲ್ಲಿ, 1782ರಲ್ಲಿ, ತೀರಿಕೊಂಡ. ನಗರದ ಮುಖ್ಯ ಬೀದಿಯಲ್ಲಿ ಆತ ಕಟ್ಟಿಸಿದ್ದ ಅರಮನೆಯಂಥ ಮನೆಯಲ್ಲಿ ಆತನ ವಿಧವೆ ಬಾಳಿದಳು. ಆಕೆಯ ಗೌರವಾರ್ಥ ಜನ ಅದನ್ನು ವೈಸರಾಯನ ಪತ್ನಿಯ ಅರಮನೆ ಎಂದು ಕರೆದರು. ಇಂದಿಗೂ ಆ ಕಟ್ಟಡಕ್ಕೆ ಅದೇ ಹೆಸರು. ಒಬ್ಬನೇ ಮನುಷ್ಯನ ಬಾಳಿಗೆ ಬಂದ ಇಬ್ಬರು ಹೆಂಗಸರು. ಮೂರು ವರ್ಷ ಜೊತೆಗಿದ್ದವಳಿಗೆ ಗೌರವದ ಹೆಸರು ಉಳಿಯಿತು. ಮಗನನ್ನು ಹೆತ್ತವಳಿಗೆ ಬೈಗುಳ ಉಳಿಯಿತು. ತಪ್ಪು ಇಬ್ಬರದೂ ಆಗಿತ್ತು. ಬೆಲೆ ತೆತ್ತವಳು ಒಬ್ಬಳೇ.

ದುಡಿದು ಬಾಳಿದವಳು

ಕಥೆಗಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಆಕೆಯ ಬಾಳಿನಲ್ಲಿ ಇನ್ನೂ ನಲವತ್ತಕ್ಕೂ ಹೆಚ್ಚು ವರ್ಷಗಳು ಬಾಕಿಯಿದ್ದವು. ಮಿಕಾಯೆಲಾ ಕಣ್ಣೀರಿಡುತ್ತಾ ಕೂರಲಿಲ್ಲ. ಮತ್ತೆ ರಂಗದಲ್ಲಿ ದುಡಿದಳು. ಆಮೇಲೆ ಅಭಿನಯ ಬಿಟ್ಟು ನಾಟಕಶಾಲೆಯ ಆಡಳಿತಕ್ಕೇ ಕೈಹಾಕಿದಳು. ನಟರನ್ನು ಗೊತ್ತುಮಾಡುವುದು, ಸಂಬಳ ಕೊಡುವುದು, ಲೆಕ್ಕ ಇಡುವುದು, ಇವೆಲ್ಲ ಆ ಕೆಲಸದ ಭಾಗ. ಆ ವ್ಯವಹಾರದಲ್ಲಿ ಪಾಲುದಾರನಾಗಿದ್ದ ವಿಸೆಂತೆ ಫೆರ್ಮಿನ್ ದೆ ಎಚಾರಿ ಎಂಬಾತನನ್ನು 1795ರಲ್ಲಿ ಮದುವೆಯಾದಳು. ಆಗ ಆಕೆಯ ವಯಸ್ಸು ನಲವತ್ತಾರು. ನಾಡನ್ನಾಳುವವನು ಕೊಡದ ಮದುವೆಯ ಗೌರವವನ್ನು ಜೊತೆಯಲ್ಲಿ ದುಡಿದವನು ಕೊಟ್ಟ.

ಹಳೆಯ ದಸ್ತಾವೇಜುಗಳನ್ನು ಪರಿಶೀಲಿಸಿದ ಇತ್ತೀಚಿನ ಇತಿಹಾಸಕಾರರಿಗೆ ಕಾಣಿಸಿದ್ದು ಕಥೆಯ ಪೆರಿಚೋಲಿಯಲ್ಲ. ಆಸ್ತಿಪಾಸ್ತಿ ನೋಡಿಕೊಂಡ, ಹಿಟ್ಟಿನ ಗಿರಣಿ ನಡೆಸಿದ, ಕೊಡುಕೊಳ್ಳುವುದರಲ್ಲಿ ಜಾಣೆಯಾದ ಗೃಹಿಣಿ. ಲೀಮಾದಲ್ಲಿ ಇಂದಿಗೂ ಪ್ರವಾಸಿಗಳಿಗೆ ಆಕೆಯ ಮನೆ ಎಂದು ತೋರಿಸುವ ಬಂಗಲೆಯೊಂದಿದೆ. ಅದು ನಿಜವಾಗಿ ಬೇರೊಂದು ಕುಟುಂಬದ್ದು. ವದಂತಿಗೆ ಮನೆಯೂ ಬೇಕಲ್ಲವೇ?

ಕೊನೆಯ ವರ್ಷಗಳಲ್ಲಿ ವಿಧವೆಯಾದ ಆಕೆ ಪ್ರಾರ್ಥನೆ, ದಾನಧರ್ಮಗಳಲ್ಲಿ ಕಾಲ ಕಳೆದಳು, ಕಾರ್ಮೆಲ್ ಸಭೆಯ ಉಡುಪು ತೊಟ್ಟಳು ಎಂದು ಸಂಪ್ರದಾಯ ಹೇಳುತ್ತದೆ. 1819ರ ಮೇ 16ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಮಠದ ದಾರಿಯಲ್ಲಿದ್ದ ತನ್ನ ಮನೆಯಲ್ಲೇ ಕಣ್ಣುಮುಚ್ಚಿದಳು. ಒಂದು ಕಾಲದಲ್ಲಿ ಆಕೆ ಸಾರೋಟಿನಲ್ಲಿ ಹಾದುಹೋದಳೆನ್ನುವ ಅದೇ ದಾರಿ. ಎರಡು ವರ್ಷಗಳ ನಂತರ, 1821ರಲ್ಲಿ, ಪೆರು ಸ್ವತಂತ್ರವಾದಾಗ ಸ್ವಾತಂತ್ರ್ಯದ ಘೋಷಣಾಪತ್ರಕ್ಕೆ ಲೀಮಾದಲ್ಲಿ ಸಹಿ ಹಾಕಿದವರಲ್ಲಿ ಆಕೆಯ ಮಗನೂ ಒಬ್ಬ. ಸ್ಪೇನಿನ ಅರಸನ ಪ್ರತಿನಿಧಿಯ ಮಗ ತಾಯಿಯ ನಾಡಿನ ಪರವಾಗಿ ಸಹಿ ಹಾಕಿದ.

ಸತ್ತ ಮೇಲಿನ ಬದುಕು

ಮಿಕಾಯೆಲಾ ಸತ್ತು ಹತ್ತೇ ವರ್ಷಕ್ಕೆ, 1829ರಲ್ಲಿ, ಫ್ರಾನ್ಸಿನ ಮೆರಿಮೆ ಸಾರೋಟಿನ ಪ್ರಸಂಗವನ್ನು ಹಾಸ್ಯನಾಟಕವಾಗಿ ಬರೆದ. 1868ರಲ್ಲಿ ಆಫೆನ್‌ಬಾಕ್ ಪ್ಯಾರಿಸ್ಸಿನಲ್ಲಿ ಆಕೆಯ ಹೆಸರಿನಲ್ಲೇ ಸಂಗೀತನಾಟಕ ಕಟ್ಟಿದ. 1927ರಲ್ಲಿ ಅಮೆರಿಕಾದ ಥಾರ್ನ್‌ಟನ್ ವೈಲ್ಡರ್ ಸೇತುವೆಯೊಂದು ಕುಸಿದು ಐವರು ಸತ್ತ ಕಥೆಯ ಕಾದಂಬರಿಯಲ್ಲಿ ಆಕೆಯನ್ನು ಹೋಲುವ ನಟಿಯನ್ನು ತಂದ. ಅದಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. 1952ರಲ್ಲಿ ಜಾಂ ರೆನ್ವಾ ಬಂಗಾರದ ಸಾರೋಟಿನ ಕಥೆಯನ್ನು ಬಣ್ಣದ ಚಲನಚಿತ್ರವಾಗಿಸಿದಾಗ ನಾಯಕಿಯಾದವಳು ಇಟಲಿಯ ಮಹಾನಟಿ ಆನಾ ಮಾನ್ಯಾನಿ. ಪೆರುವಿನ ಟೆಲಿವಿಷನ್ನಿನಲ್ಲೂ 1992ರಲ್ಲಿ ಮತ್ತು 2011ರಲ್ಲಿ ಆಕೆಯ ಬದುಕು ಧಾರಾವಾಹಿಯಾಯಿತು. ಮೇಣದ ಬತ್ತಿಯ ಬೆಳಕಿನಲ್ಲಿ ಅಭಿನಯಿಸಿದವಳು ರಂಗದಿಂದ ಬೆಳ್ಳಿತೆರೆಗೆ, ಬೆಳ್ಳಿತೆರೆಯಿಂದ ಮನೆಮನೆಯ ಕಿರುತೆರೆಗೆ ಬಂದಳು.

ಆದರೆ ಹೆಸರು? ಮೆರಿಮೆ, ಆಫೆನ್‌ಬಾಕ್, ಪೆರುವಿನ ಧಾರಾವಾಹಿಗಳು, ಎಲ್ಲರೂ ಕೂಗಿದ್ದು ಆ ಬೈಗುಳದ ಹೆಸರನ್ನೇ. ದೀಕ್ಷಾಸ್ನಾನದಲ್ಲಿ ಗುರುಗಳು ತಲೆಗೆ ನೀರು ಹೊಯ್ದು ಕರೆದ ಹೆಸರು ಮಿಕಾಯೆಲಾ ಎಂಬುದು ಪುಸ್ತಕಗಳ ಒಳಪುಟಗಳಲ್ಲಿ ಉಳಿಯಿತು.

ಓದುಗರೇ, ನಿಮ್ಮ ಬೀದಿಯಲ್ಲೂ, ನಿಮ್ಮ ಧರ್ಮಕೇಂದ್ರದಲ್ಲೂ ನಿಜವಾದ ಹೆಸರು ಕಳೆದುಕೊಂಡವರು ಇದ್ದಾರೆ. ಎಂದೋ ನಡೆದ ಒಂದು ತಪ್ಪು, ಸಿಟ್ಟಿನಲ್ಲಿ ಯಾರೋ ಆಡಿದ ಒಂದು ಮಾತು, ಅದೇ ಅವರ ಗುರುತಾಗಿದೆ. ಆಮೇಲೆ ಅವರು ದುಡಿದದ್ದು, ಮಕ್ಕಳನ್ನು ಸಾಕಿದ್ದು, ಯಾರೂ ನೋಡದಿದ್ದಾಗ ಕೊಟ್ಟದ್ದು ಯಾವುದೂ ಲೆಕ್ಕಕ್ಕಿಲ್ಲ. ಮುಂದಿನ ಬಾರಿ ಅಂಥವರು ಎದುರಾದಾಗ, ದಯವಿಟ್ಟು ಅವರನ್ನು ಅವರ ದೀಕ್ಷಾಸ್ನಾನದ ಹೆಸರಿನಿಂದ ಕರೆಯಿರಿ.